ಕನ್ನಡಕ ಹಾಕಿದ ಒಂಟೆ

ನಮ್ಮ ಭಾವನವರು ಅಂಗಡಿಯೊಂದರ ಮಹಡಿಯ ಮೇಲೆ ನೆನಪಿನ ಶಕ್ತಿಯ ಕ್ಲಾಸು ನಡೆಸುತ್ತಾರೆ. ದಿನಾ ಕಾಣುವುದು ತಲೆಯಲ್ಲಿ ನಿಲ್ಲುವುದಿಲ್ಲವಂತೆ. ಏನನ್ನೇ ಆಗಲಿ ಒಂದು ವಿಚಿತ್ರ ಚಿತ್ರ ಮಾಡಿಟ್ಟುಕೊಂಡರೆ ಸಾಯುವವರೆಗೂ ಮರೆಯುವುದಿಲ್ಲವಂತೆ. ಇಷ್ಟನ್ನು ಕೇಳಲು ಜನ ಮುಗಿಬೀಳುತ್ತಾರೆ.

ಅಕ್ಕನ ಕಣ್ಣಿನ ಆಪರೇಷನ್ ಆದ ಸಂಜೆ ಅವಳನ್ನು ಆಸ್ಪತ್ರೆಯಿಂದ ಕರೆತರಬೇಕಾದವರು ಇವರೇ. ಬರಲಿಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಬೆಂಚಿನ ಮೇಲೆ ಕೂತೇ ಇದ್ದಳು. ಅವಳ ಫೋನು ಬಂದದ್ದೇ ನಾನು ಉರಿಯುತ್ತ ಕ್ಲಾಸಿಗೆ ಹೋದೆ.

"ಬೆಳಿಗ್ಗೆ ಒಂದು ಕೆಲಸ ನೆನಪಿಡೋಕೆ ಮಾಡಿಟ್ಟ ಚಿತ್ರ ಈಗ್ಲೂ ಅಚ್ಚೊತ್ತಿದ ಹಾಗಿದೆ ನೋಡಿ," ಎಂದು ಭಾವ ಶಿಷ್ಯರಿಗೆ ಕೊರೆಯುತ್ತಿದ್ದರು. "ಕನ್ನಡಕ ಹಾಕಿದ ಒಂಟೆ ಬೆಂಚಿನ ಮೇಲೆ ಕಾಯ್ತಾ ಕೂತಿದೆ!"

"ಯಾರಿಗೆ ಕಾಯ್ತಿದೆ ಭಾವ?" ಎಂದೆ.

ಅವರು ತಲೆ ಕೆರೆದುಕೊಂಡರು.

ಆಮೇಲೆ ಪಟ್ಟಿ ಇದ್ದಷ್ಟು ದಿನ ಅವರ ಉಪಚಾರ ನೋಡಬೇಕಿತ್ತು. ಹೊತ್ತುಹೊತ್ತಿಗೆ ಮಾತ್ರೆ, ಬೆನ್ನಿಗೆ ದಿಂಬು. ಇಷ್ಟು ವರ್ಷ ಕಾಣದ ಹೆಂಡತಿ, ಒಂದು ಕಣ್ಣು ಮುಚ್ಚಿಕೊಂಡ ಮೇಲೆ ಕಂಡಿದ್ದಳು. ಅಕ್ಕನೋ, ಕರಗಿ ನೀರಾದಳು.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವಾಗಲೂ ಭಾವ ಪಕ್ಕದಲ್ಲೇ ಇದ್ದರು. ಬಿಚ್ಚಿದ್ದಾಯಿತು, ಅಕ್ಕ ಮೊದಲಿನಂತಾದಳು. ಇನ್ನೊಂದು ಪರೀಕ್ಷೆ ಬಾಕಿಯಿತ್ತು. "ಇಲ್ಲೇ ಇರು, ಕ್ಲಾಸ್ ಮುಗಿಸಿ ಬಂದೆ," ಎಂದು ಹೋದರು.

ಸಂಜೆ ಮತ್ತೆ ನನಗೇ ಫೋನು. ಅದೇ ಬೆಂಚು. ಎರಡೂ ಕಣ್ಣು ಬಿಟ್ಟುಕೊಂಡು ಕೂತಿದ್ದ ಅಕ್ಕನ ಕೈಯಲ್ಲಿ ಆ ಹಳೆಯ ಪಟ್ಟಿಯಿತ್ತು. ಕಸದ ಬುಟ್ಟಿಗೆ ಹಾಕಲು ಕೈಚಾಚಿದೆ.

"ಎಸೀಬೇಡ ಕಣೇ," ಎಂದಳು. "ಮನೆಗೆ ಹೋಗೋ ಮುಂಚೆ ಕಟ್ಟಿಬಿಡು."