ಹದಿಮೂರರಿಂದ ಐದು ಹಿಂದಕ್ಕೆ

"ಸುಳ್ಳು! ಜಿಗಿಯೋ ಲೆಕ್ಕದ ಆಟ ಮೊದಲು ಆಡಿದ್ದೇ ನಮ್ಮ ಕ್ಲಾಸು!" ಎಂದು ಡಾಕ್ಟರಮ್ಮ ಕೂಗಿದ ರಭಸಕ್ಕೆ ಟೈಲರ್ ಬೆರಳಿಗೆ ಸೂಜಿ ಚುಚ್ಚಿಕೊಂಡ. ಊರ ಶಾಲೆಯ ಟೀಚರಾಗಿದ್ದ ಹೆಂಡತಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಒಂದು ಕಡೆ ಬಿಚ್ಚಿಕೊಂಡಿತ್ತು. ಸ್ಮಶಾನದ ವ್ಯಾನು ಬರುವುದರೊಳಗೆ ನಾಲ್ಕು ಹೊಲಿಗೆ ಹಾಕಿಬಿಡೋಣವೆಂದು ಅವಳ ಕಾಲ ಬಳಿ ಕೂತಿದ್ದ. ಟೈಲರ್‌ನ ಹೆಂಡತಿ ಬಿಚ್ಚಿದ ಅಂಚಿನಲ್ಲಿ ಹೊರಡುವುದೆಂದರೇನು!

"ನಿಮ್ಮ ಕ್ಲಾಸಾ? ನೀವು ಸ್ಕೂಲಿಗೆ ಸೇರೋಕೆ ಎರಡು ವರ್ಷ ಮುಂಚೇನೇ ನಾವು ಆಡಿದ್ವಿ ತಾಯಿ." ಬಾಗಿಲು ತುಂಬ ನಿಂತಿದ್ದ ಬಸ್ ಡ್ರೈವರ್ ಹಣೆಯ ಕೂದಲು ಸರಿಸಿ ತೋರಿಸಿದ. "ಏಳರಿಂದ ಒಂಬತ್ತು ಮುಂದಕ್ಕೆ ಅಂದ್ರು ಟೀಚರ್. ಹದಿನಾರಕ್ಕೆ ಹಾರಿದೋನು ಸೀದಾ ಕರಿಹಲಗೆಗೇ ಹೋಗಿ ಗುದ್ದಿದೆ. ಗಾಯ ನೋಡಿ!"

"ಹಲಗೆಗೇ ಜಾಸ್ತಿ ಪೆಟ್ಟಾಗಿತ್ತು," ಎಂದರು ಮೂಲೆಯ ಕುರ್ಚಿಯಲ್ಲಿದ್ದ ನಿವೃತ್ತ ಹೆಡ್ಮಾಸ್ಟರು. "ಬಡ್ಕೊಂಡೆ ಅವರಿಗೆ, ಲೆಕ್ಕ ಅಂದ್ರೆ ಕೂತು ಮಾಡೋದಮ್ಮಾ, ಕುಣಿದು ಮಾಡೋದಲ್ಲ ಅಂತ. ಒಂದಿನ ಬೈಯೋಕೇಂತಲೇ ಹೋದೆ. ಕುರ್ಚಿ ಸಾಲಾಗಿಟ್ಟು ಬಸ್ ಮಾಡಿದಾರೆ. ಕಂಡಕ್ಟರ್ ಹುಡುಗಿ ನನ್ನೇ ಹಿಡ್ಕೊಂಡ್ಳು. 'ಬಸ್ಸಲ್ಲಿ ಹನ್ನೆರಡು ಜನ, ಐದು ಜನ ಇಳಿದ್ರು, ಮೂರು ಜನ ಹತ್ತಿದ್ರು, ಈಗೆಷ್ಟು ಸಾರ್?' ಗಾಬರೀಲಿ ಒಂಬತ್ತು ಅಂದ್ಬಿಟ್ಟೆ."

"ಹತ್ತು!" ಎಂದಿತು ಇಡೀ ಮನೆ, ಒಂದೇ ಬಾಯಲ್ಲಿ.

"ಹ್ಞೂಂ, ಹತ್ತು. ನನ್ನನ್ನ ಬಸ್ಸಿಂದ ಇಳಿಸಿಬಿಟ್ರು."

"ಆ ಕಂಡಕ್ಟರ್ ನಾನೇ ಸಾರ್," ಎಂದಳು ಡಾಕ್ಟರಮ್ಮ. ನಗು ಸೂರು ಹಾರಿಸುವಂತೆ ಎದ್ದಿತು. ಮರುಗಳಿಗೆ ಎಲ್ಲರೂ ಬಿಳಿ ಬಟ್ಟೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು.

ಅಡುಗೆಮನೆಯಿಂದ ನೀರಿನ ಜಗ್ಗು ಹಿಡಿದು ಬಂದ ಮಗಳು ಅಪ್ಪನ ಮುಖ ನೋಡಿದಳು. ಅವಳು ನರ್ಸು. ಯಾರಿಗೆ ಎಷ್ಟು ತಡೆದುಕೊಳ್ಳಲು ಆಗುತ್ತದೆಂದು ಅಂದಾಜು ಮಾಡುವುದೇ ಅವಳ ಕಸುಬು. ಆದರೆ ಅಪ್ಪನ ಮಟ್ಟಿಗೆ ಆ ಅಂದಾಜು ಯಾವತ್ತೂ ಸರಿಹೋಗಿರಲಿಲ್ಲ.

"ಟೈಲರೇ, ನೀವೇ ತೀರ್ಪು ಹೇಳಿ. ಮೊದಲು ಆಡಿದ ಕ್ಲಾಸು ಯಾವುದು?" ಎಂದರು ಹೆಡ್ಮಾಸ್ಟರು.

"ಅಪ್ಪನ್ನ ಯಾಕೆ ಕೇಳ್ತೀರ ಸಾರ್?" ಎಂದಳು ಮಗಳು. "ಲೆಕ್ಕದ ತಂಟೆಗೇ ಅವರು ಬಂದೋರಲ್ಲ. ಚಿಕ್ಕೋಳಿದ್ದಾಗ ನಾನು ಪುಸ್ತಕ ತಂದ್ರೆ ತಲೇನೂ ಎತ್ತದೆ 'ಅಮ್ಮನ್ನ ಕೇಳು' ಅಂತಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಸಿಟ್ಟು ಸವೆದು ಉಳಿದ ದನಿ. ಟೈಲರ್‌ನ ಸೂಜಿ ಬಟ್ಟೆಯಲ್ಲೇ ನಿಂತಿತು.

*

ಮದುವೆಯಾಗಿ ಮೂರು ತಿಂಗಳಾಗಿತ್ತು. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಹೆಂಡತಿಗೆ ಗಂಟು ಹಾಕಿದ ದಾರಗಳ ಒಂದು ಕಟ್ಟು ಸಿಕ್ಕಿತು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ದಾರ. ಎದೆಗೆ ಒಂದು ಗಂಟು, ತೋಳಿಗೆ ಒಂದು, ಸೊಂಟಕ್ಕೊಂದು.

"ಟೇಪ್ ಇಲ್ವೇನ್ರೀ?"

ಟೇಪು ಕತ್ತಿನಲ್ಲೇ ನೇತಾಡುತ್ತಿತ್ತು, ಬರೀ ತೋರಿಕೆಗೆ. ಅವನ ಕಿವಿ ಕೆಂಪಾಯಿತು. ಶಾಲೆಯಲ್ಲಿ ಕಳೆಯುವ ಲೆಕ್ಕ ತಪ್ಪಿ ಬೆಂಚಿನ ಮೇಲೆ ನಿಂತವನು ಮರುದಿನದಿಂದ ಆ ಕಡೆ ತಲೆ ಹಾಕಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಬೆವರು ಕಿತ್ತುಕೊಂಡಿತು.

ಅವಳು ನಗಲಿಲ್ಲ. ಸೀದಾ ಅಂಗಡಿಯ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ತಂದು, ಜಗಲಿಯ ಚಪ್ಪಡಿಗಳ ಮೇಲೆ ಒಂದರಿಂದ ಇಪ್ಪತ್ತರವರೆಗೆ ಬರೆದಳು.

"ಹದಿಮೂರರಲ್ಲಿ ನಿಂತ್ಕೊಳ್ಳಿ. ಐದು ಹಿಂದಕ್ಕೆ ಹಾರಿ."

"ಯಾರಾದ್ರೂ ನೋಡಿದ್ರೆ?"

"ಟೈಲರಿಗೆ ಹುಚ್ಚು ಅಂತಾರೆ. ಲೆಕ್ಕ ಬರಲ್ಲ ಅಂತ ಮಾತ್ರ ಯಾರೂ ಅನ್ನಲ್ಲ."

ಅವನು ಕಣ್ಣು ಮುಚ್ಚಿ ಹಾರಿದ. ಒಂದು, ಎರಡು, ಮೂರು, ನಾಲ್ಕು, ಐದು. ಕಣ್ಣು ಬಿಟ್ಟರೆ ಕಾಲ ಕೆಳಗೆ ಎಂಟು. "ಎಂಟು ಕಣೇ!" ಎಂದು ಕಿರುಚಿದವನು ಮತ್ತೆ ಹಾರಿದ. ಬೇರೆ ಸಂಖ್ಯೆ ಕೊಡು ಎಂದ, ಇನ್ನೊಂದು ಕೊಡು ಎಂದ. ಕತ್ತಿನಲ್ಲಿದ್ದ ಟೇಪು ಹಾರಿ ಚರಂಡಿಗೆ ಬಿದ್ದದ್ದೂ ತಿಳಿಯಲಿಲ್ಲ. ಅವಳಿಗೂ ಮೈಮೇಲೆ ಎಚ್ಚರವಿರಲಿಲ್ಲ. "ರೀ, ಇದನ್ನ ನಾಳೆ ಕ್ಲಾಸಲ್ಲಿ ಆಡಿಸ್ತೀನಿ!" ಎಂದು ಜಗಲಿಯ ತುಂಬ ಓಡಾಡಿದಳು.

"ಆಡಿಸು. ನನ್ನ ವಿಷಯ ಮಾತ್ರ ಯಾರಿಗೂ ಹೇಳ್ಬೇಡ. ಮುಂದೆ ಮಕ್ಕಳಾದ್ರೆ ಅವ್ರಿಗೂ."

ಅವಳು ಹೇಳಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ಒಮ್ಮೆ, "ಮಗಳಿಗಾದ್ರೂ ನೀವೇ ಹೇಳ್ಬಿಡಿ," ಎಂದಿದ್ದಳು, ಅಷ್ಟೆ.

*

"ಯಾವ ಕ್ಲಾಸೂ ಅಲ್ಲ," ಎಂದ ಟೈಲರ್. "ಮೊದಲು ಆಡಿದ್ದು ನಾನು."

ಅವನು ದಾರದ ಗಂಟುಗಳಿಂದ ಹಿಡಿದು ಎಲ್ಲವನ್ನೂ ಹೇಳಿದ. ಮೊದಲು ತೊದಲಿದ. ಬರಬರುತ್ತ ಮಾತು ತಾನಾಗಿ ಓಡತೊಡಗಿತು, ಕೈಗಳೂ ಜೊತೆಗೆ.

"ಕೂಡೋದು ಕಳೆಯೋದು ಎಲ್ಲಾ ಕಾಲಿಗೆ ಬಂತಮ್ಮ, ಕೈಗೆ ಬರ್ಲಿಲ್ಲ," ಎಂದು ಮಗಳ ಕಡೆ ತಿರುಗಿದ. "ನೀನು ಪುಸ್ತಕ ಹಿಡ್ಕೊಂಡು ಬರ್ತಿದ್ದೆ. ನಿನ್ನೆದುರು ಎದ್ದು ಕುಣಿಯೋಕಾಗುತ್ತಾ?"

ಮಗಳು ಜಗ್ಗನ್ನು ನೆಲದ ಮೇಲಿಟ್ಟಳು. "ಕುಣೀಬಹುದಿತ್ತಲ್ಲಪ್ಪಾ," ಎಂದಳು. ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ತಡೆಯಲಾರದ ನಗು. "ಅಯ್ಯೋ, ಕುಣೀಬಹುದಿತ್ತು!"

ಅಷ್ಟರಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಟೈಲರ್ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದ. ಡ್ರೈವರು, ಡಾಕ್ಟರಮ್ಮ, ಮಗಳು ಎಲ್ಲ ಕೈ ಹಾಕಿ ಟೀಚರನ್ನು ಹೊರಗೆ ತಂದು ವ್ಯಾನಿನಲ್ಲಿಟ್ಟರು. ಸ್ಮಶಾನ ಎರಡು ರಸ್ತೆ ಆಚೆಗಿತ್ತು. ವ್ಯಾನು ನಿಧಾನವಾಗಿ ಹೊರಟಿತು, ಜನ ಹಿಂದೆ ನಡೆದರು.

ಚೌಕ ಚೌಕದ ಕಲ್ಲು ಹಾಸಿದ ಕಾಲುದಾರಿ ಸಿಕ್ಕಿದಾಗ ಮಗಳು ಥಟ್ಟನೆ ನಿಂತಳು.

"ಅಪ್ಪಾ. ಆರು ಮುಂದಕ್ಕೆ, ನಾಲ್ಕು ಹಿಂದಕ್ಕೆ."

"ಈಗಲೇನಾ?"

"ಈಗಲೇ!"

"ನಾನೂ ಇದ್ದೀನಿ," ಎಂದು ಡ್ರೈವರ್ ಅಂಗಿಯ ತೋಳು ಮಡಚಿದ. ಡಾಕ್ಟರಮ್ಮ ಚಪ್ಪಲಿ ಕೈಗೆತ್ತಿಕೊಂಡಳು. ಕೋಲೂರಿಕೊಂಡಿದ್ದ ಹೆಡ್ಮಾಸ್ಟರು, "ನಾನು ಎಣಿಸ್ತೀನಿ, ನಡೀರಿ ನಡೀರಿ," ಎಂದು ಜೋರಾಗಿ ಶುರುಮಾಡಿಯೇಬಿಟ್ಟರು.

ಮುಂದೆ ಹೋಗುತ್ತಿದ್ದ ವ್ಯಾನು ಗಕ್ಕನೆ ನಿಂತಿತು. ಅದರ ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಹಿಂದಕ್ಕೆ ನೋಡಿದ. ಕಾಲುದಾರಿಯ ಉದ್ದಕ್ಕೂ ದೊಡ್ಡದೊಡ್ಡವರೆಲ್ಲ ಕುಪ್ಪಳಿಸುತ್ತಿದ್ದರು. ಎಲ್ಲರಿಗಿಂತ ಮುಂದೆ, ನೆರೆತ ಕೂದಲಿನ ಒಬ್ಬ ಮುದುಕ ಎರಡೂ ಕಾಲು ನೆಲ ಬಿಟ್ಟು ಗಾಳಿಯಲ್ಲಿದ್ದ.