ಅತ್ತೆಯ ಕೈಗೆ ಕೊಟ್ಟ ರೆಗ್ಯುಲೇಟರ್

ನನ್ನ ಕಂಪ್ಯೂಟರಿನ ಡಬ್ಬದೊಳಗೆ ಆರು ಫ್ಯಾನುಗಳಿವೆ. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು. ಆರಕ್ಕೂ ಆರು ಬುದ್ಧಿ. ಹಲ್ಲಿನ ಲ್ಯಾಬೊಂದಕ್ಕೆ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಯಾರದೋ ದವಡೆಯ ಸ್ಕ್ಯಾನ್ ಬರುತ್ತದೆ, ಅದರಲ್ಲಿ ಬಿದ್ದುಹೋದ ಹಲ್ಲನ್ನು ತೆರೆಯ ಮೇಲೆ ಕಟ್ಟಿಕೊಡುತ್ತೇನೆ. ಕಡಲೆ ಇದ್ದವರಿಗೆ ಹಲ್ಲು ಒದಗಿಸುವ ಉದ್ಯೋಗ ನನ್ನ ಸೊಸೆಯದು ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ದವಡೆಯ ಸ್ಕ್ಯಾನನ್ನು ಕಂಪ್ಯೂಟರಿನ ಲೆಕ್ಕಕ್ಕೆ ಹಚ್ಚಿದೆನೋ ಇಲ್ಲವೋ, ಫ್ಯಾನುಗಳು ಹೋ ಎಂದು ಎದ್ದುಬಿಡುತ್ತವೆ. ಕ್ಷಣ ಬಿಟ್ಟು ಸುಮ್ಮನಾಗುತ್ತವೆ. ಮತ್ತೆ ಏಳುತ್ತವೆ.

ಈ ಕಂಪ್ಯೂಟರ್ ಇರುವುದು ಅತ್ತೆಯ ಕೋಣೆಯಲ್ಲಿ. ಇಲ್ಲಾ, ಅತ್ತೆ ಇರುವುದು ಕಂಪ್ಯೂಟರಿನ ಕೋಣೆಯಲ್ಲಿ ಎನ್ನಿ. ಮನೆಯಲ್ಲಿರುವುದೇ ಎರಡು ಕೋಣೆ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಈಚೆಗೆ ಹಟ ಹಿಡಿದು ಅವರ ಕಿವಿಗಳಿಗೆ ಮೆಷಿನ್ ಹಾಕಿಸಿದವಳು ನಾನೇ. ಹಾಕಿಸಿಕೊಂಡು ಬಂದ ದಿನ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿ ಮಗುವಿನಂತೆ ನಕ್ಕರು. ಸೋಫಾದಲ್ಲಿ ಒರಗಿದ್ದ ತಮ್ಮ ಮಗನ ಗೊರಕೆ ಕೇಳಿ, "ಇದನ್ನ ಹೇಗೆ ಸಹಿಸ್ಕೊಂಡಿದೀಯೇ?" ಎಂದರು. ಆಮೇಲೆ ನಾನು ಕಂಪ್ಯೂಟರ್ ಹಚ್ಚಿದೆ. ಅವರ ಮುಖ ಹುಳ್ಳಗಾಯಿತು.

ಸ್ವಲ್ಪ ದಿನದಲ್ಲೇ ಬಂತು ಮಾತು: "ಮಗಳ ಮನೇಲಿ ಒಂದಷ್ಟು ದಿನ ಇದ್ದು ಬರ್ತೀನಿ."

ನಾದಿನಿಯ ಮನೆ ದೂರ. ಹೋದವರು ಅಷ್ಟು ಬೇಗ ಬರುವುದಿಲ್ಲ. "ಹೋಗ್ಲಿ ಬಿಡು, ಅಲ್ಲಿ ನಿಶ್ಶಬ್ದವಾಗಿರುತ್ತೆ" ಎಂದರು ಗಂಡ. ಹೋಗಲಿ ಎನ್ನುವುದು ಹೇಗೆ? ನನಗೆ ಅತ್ತೆ ಬೇಕು. ಜಗಳಕ್ಕೂ ಬೇಕು, ಮಾತಿಗೂ ಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ನೋಡಿ ನಗುವ ಜೀವ ಈ ಮನೆಯಲ್ಲಿ ಅವರೊಬ್ಬರೇ.

ಕಾಲು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ತಿರುಗಿ, ಕಡೆಗೆ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಕೌಂಟರಿನ ಮೇಲೆ ಮೂರು ಬಗೆ ಹರಡಿದ. ಒಂದು, ಕವಲು ತಂತಿ. ಈಗ ನನ್ನ ಮದರ್‌ಬೋರ್ಡಿನಲ್ಲಿ ಆರು ಫ್ಯಾನಿಗೆ ಆರು ಜಾಗ, ಅದಕ್ಕೇ ಒಂದೊಂದಕ್ಕೆ ಒಂದೊಂದು ಬುದ್ಧಿ. ಕವಲು ಹಾಕಿದರೆ ಒಂದೇ ಜಾಗಕ್ಕೆ ಮೂರು ಫ್ಯಾನ್ ಹಿಡಿದು ಒಟ್ಟಿಗೆ ನಡೆಯುತ್ತವೆ. "ಆದ್ರೆ ಹೊರೆ ಜಾಸ್ತಿಯಾಗಿ ಬೋರ್ಡ್ ಸುಟ್ಟೋದ್ರೆ ನನ್ನ ಕೇಳ್ಬೇಡಿ ಮೇಡಂ." ಇನ್ನೊಂದು, ಹಬ್. ಕರೆಂಟನ್ನು ನೇರವಾಗಿ ಪವರ್ ಸಪ್ಲೈಯಿಂದ ಎಳೆದುಕೊಂಡು, ಬೋರ್ಡಿನಿಂದ ಅಪ್ಪಣೆ ಮಾತ್ರ ಕೇಳುವ ಪುಟ್ಟ ಹಲಗೆ. ಆರೂ ಫ್ಯಾನುಗಳು ಒಟ್ಟಿಗೆ ನಡೆಯುತ್ತವೆ, ಆದರೆ ಯಾವ ಬಿಸಿಗೆ ಎಷ್ಟು ವೇಗ ಎಂದು ಸಾಫ್ಟ್‌ವೇರಿನಲ್ಲಿ ಕೂತು ಗೆರೆ ಎಳೆದಿಡಬೇಕು. ಕೊನೆಯದು, ಕೈಯಲ್ಲಿ ತಿರುಗಿಸುವ ರೆಗ್ಯುಲೇಟರ್. ಬಿಸಿಯ ಲೆಕ್ಕವಿಲ್ಲ, ತಿರುಗಿಸಿದಷ್ಟೇ ವೇಗ.

ಗೆರೆ ಎಳೆಯುತ್ತ ಕೂರುವ ತಾಳ್ಮೆ ನನಗೆಲ್ಲಿ? ರೆಗ್ಯುಲೇಟರನ್ನೇ ತಂದೆ. ಉದ್ದ ತಂತಿ ಎಳೆದು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಕೂರಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನನ್ನ ಜಾಣತನಕ್ಕೆ ನಾನೇ ಬೀಗಿದೆ.

"ಸದ್ದು ಜೋರಾದ್ರೆ ನೀವೇ ಕಡಿಮೆ ಮಾಡ್ಕೊಳ್ಳಿ ಅತ್ತೆ."

ಅವರು ಗುಂಡಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಸೊಸೆ ಬಾಯಿಗೂ ಇಂಥದ್ದೊಂದು ಸಿಗುತ್ತೇನೋ ಕೇಳ್ಕೊಂಡು ಬರಬಾರದಿತ್ತಾ?"

ಮರುದಿನದಿಂದ ಫ್ಯಾನುಗಳು ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಆರೂ ಪೂರ್ತಿ ಜೋರಿನಲ್ಲಿ ಬೊಬ್ಬೆ ಹೊಡೆದವು. ನನಗೇ ತಲೆ ಚಿಟ್ಟು ಹಿಡಿಯಿತು. ಆದರೂ, ಕಡಿಮೆ ಮಾಡಬಹುದಾದವರೇ ಮಾಡುತ್ತಿಲ್ಲ ಎಂದಮೇಲೆ ಅವರಿಗೆ ಒಗ್ಗಿರಬೇಕು ಎಂದುಕೊಂಡೆ. ವಿಚಿತ್ರವೆಂದರೆ ಅತ್ತೆ ಮಾತು ಬಿಟ್ಟರು. ಟೀ ಬೇಕೇ ಎಂದರೆ ಕಿಟಕಿ ನೋಡುತ್ತಾರೆ. ಲ್ಯಾಬಿನವರು ಕೆಲಸ ವಾಪಸ್ ಕಳಿಸಿದ್ದನ್ನು ಹೇಳಿಕೊಂಡರೆ ಸುಮ್ಮನೆ ತಲೆಯಾಡಿಸುತ್ತಾರೆ. ಇದು ಜಾಣಗಿವುಡು, ನನ್ನ ಮೇಲಿನ ಮುನಿಸು ಎಂದು ತೀರ್ಮಾನಿಸಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನನ್ನ ಪಾಡು.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಬಂದು ನೋಡಿದರೆ ಅತ್ತೆ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ತುಂಬುತ್ತಿದ್ದಾರೆ.

"ಅಷ್ಟೊಂದು ಬೇಜಾರಿದ್ರೆ ಬಾಯಿಬಿಟ್ಟು ಹೇಳೋಕೇನು?" ಎಂದು ಅವರ ಬೆನ್ನಿಗೆ ಕೂಗಿದೆ. ತಿರುಗಲಿಲ್ಲ. ಹೋಗಿ ಭುಜ ಮುಟ್ಟಿದೆ. ಬೆಚ್ಚಿಬಿದ್ದರು.

ಅವರ ಕಿವಿಗಳಲ್ಲಿ ಏನೂ ಇರಲಿಲ್ಲ. ಮೆಷಿನ್‌ಗಳು ದಿಂಬಿನ ಪಕ್ಕದ ಡಬ್ಬಿಯಲ್ಲಿದ್ದವು. ನಾನು ರೆಗ್ಯುಲೇಟರನ್ನು ಇಳಿಸಿ, ಒಂದನ್ನು ಅವರ ಕೈಗೆ ಕೊಟ್ಟೆ. ಹಾಕಿಕೊಂಡರು.

"ಯಾಕತ್ತೆ? ಕಡಿಮೆ ಮಾಡ್ಕೊಳ್ಳಿ ಅಂತ ತಾನೇ ನಿಮ್ಮ ಕೈಗೆ ಕೊಟ್ಟಿದ್ದು?"

"ಮಾಡ್ದೆ ಕಣೇ. ಮಾಡಿದ್ರೆ ಡಬ್ಬ ಬಿಸಿಯಾಯ್ತು, ಕೈಯಿಟ್ಟು ನೋಡ್ದೆ. ನಿನ್ನ ಅನ್ನ ಇರೋದು ಅದರಲ್ಲಿ. ನನ್ನ ಕೈಯಾರೆ ಅದು ಸುಟ್ಟೋದ್ರೆ? ಅದಕ್ಕೆ ಪೂರ್ತಿ ತಿರುಗಿಸಿಟ್ಟು ಇದನ್ನ ತೆಗೆದಿಟ್ಟೆ."

"ಮತ್ತೆ ಈ ಬ್ಯಾಗು?"

ಅವರು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದರು. "ಮುಂಚೆ ಕಿವುಡಿಯಾಗಿರೋದು ಅಭ್ಯಾಸ ಆಗಿತ್ತು. ಈಗ ಆಗಲ್ಲ. ನಿನ್ನ ಬಾಯಿ ಅಲ್ಲಾಡ್ತಾ ಇರುತ್ತೆ, ನನಗೇನು ಬೈತಿದೀಯೋ ಅಂತ ಗೊತ್ತಾಗಲ್ಲ. ನೋಡ್ತಾ ಕೂತ್ಕೊಳ್ಳೋಕಿಂತ ದೂರ ಇರೋದೇ ವಾಸಿ."

ನನಗೆ ಅಳು ಬಂತು. ಗುಂಡಿ ಕೊಟ್ಟೆ ಎಂದುಕೊಂಡಿದ್ದೆ. ನಿಜಕ್ಕೂ, ನಿಮ್ಮ ಕಿವಿಯೋ ನನ್ನ ಅನ್ನವೋ ಆರಿಸಿಕೊಳ್ಳಿ ಎಂದು ಅವರ ತಲೆಯ ಮೇಲೆ ಹೊರಿಸಿದ್ದೆ. ಅವರು ಏನನ್ನು ಆರಿಸುತ್ತಾರೆಂದು ನನಗಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕಿತ್ತು?

ಕಣ್ಣೊರೆಸಿಕೊಂಡು ಕೇಳಿದೆ, "ಮೊದಮೊದಲು ನಿಮಗೆ ತಡೆಯೋಕಾಗದೇ ಇದ್ದದ್ದು ಏನು? ಸದ್ದಾ?"

"ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತೆ. ಇದ್ದಕ್ಕಿದ್ದ ಹಾಗೆ ಏರೋದು, ಇಳಿಯೋದು, ಅದೇ ಕಷ್ಟ. ಈಗ ಕಿರುಚುತ್ತಾ, ಆಗ ಕಿರುಚುತ್ತಾ ಅಂತ ಜೀವ ಹಿಡ್ಕೊಂಡು ಕಾಯ್ಬೇಕು." ಮೆಷಿನ್ ಸರಿಮಾಡಿಕೊಳ್ಳುತ್ತ ಸೇರಿಸಿದರು, "ನಿನ್ನ ಹಾಗೇನೇ."

ಮನೆಯ ಚಪ್ಪಲಿಯಲ್ಲೇ ಅಂಗಡಿಗೆ ಓಡಿ ಹಬ್ ತಂದೆ. ಆರೂ ಫ್ಯಾನುಗಳನ್ನು ಅದಕ್ಕೆ ಸಿಕ್ಕಿಸಿ, ಜನ್ಮದಲ್ಲಿ ಮೊದಲ ಸಲ ತಾಳ್ಮೆಯಿಂದ ಕೂತು ಗೆರೆ ಎಳೆದೆ. ಇಷ್ಟು ಬಿಸಿಯವರೆಗೆ ಒಂದೇ ಸಮ, ಅಲ್ಲಿಂದ ಮುಂದೆ ಸಣ್ಣ ಏರು. ಚಿಕ್ಕಪುಟ್ಟ ಬಿಸಿಗೆಲ್ಲ ಏಳಬಾರದು, ಎದ್ದರೂ ನಿಧಾನಕ್ಕೆ ಏಳಬೇಕು. ಅತ್ತೆ ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡು ಪಕ್ಕದಲ್ಲಿ ಕೂತರು. ಒಂದು ಕೈ ಡಬ್ಬದ ಮೇಲೆ. "ಇನ್ನೂ ಇಳಿಸು. ಹಾಂ, ಈಗ ಸರಿ. ಈಗ ನಿನ್ನ ದೊಡ್ಡ ದವಡೆ ಹಚ್ಚು ನೋಡೋಣ." ಹಚ್ಚಿದೆ. ಇಬ್ಬರೂ ಡಬ್ಬವನ್ನೇ ನೋಡುತ್ತ ಕಾದೆವು. ಫ್ಯಾನುಗಳು ಯಾವಾಗ ಎದ್ದವೆಂದೇ ತಿಳಿಯಲಿಲ್ಲ, ಡಬ್ಬವೂ ಸುಡಲಿಲ್ಲ. ಬ್ಯಾಗಿನಿಂದ ಬಟ್ಟೆಗಳನ್ನು ನಾನೇ ತೆಗೆದು ಕಪಾಟಿಗಿಟ್ಟೆ. ಅವರು ಖಾಲಿ ಬ್ಯಾಗನ್ನು ಮಡಚಿಟ್ಟರು.

ಕೆಲಸವಿಲ್ಲದ ರೆಗ್ಯುಲೇಟರನ್ನು ಎಸೆಯಲು ಹೋದರೆ ಅತ್ತೆ ಬಿಡಲಿಲ್ಲ, ದಿಂಬಿನ ಪಕ್ಕ ಇಟ್ಟುಕೊಂಡರು. ಮರುದಿನ ಲ್ಯಾಬಿನವರ ಮೇಲೆ ನಾನು ಫೋನಿನಲ್ಲಿ ಹರಿಹಾಯುತ್ತಿದ್ದಾಗ ಹಿಂದಿನಿಂದ ಟಿಕ್ ಎಂದಿತು. ತಿರುಗಿ ನೋಡಿದೆ. ತಂತಿಯಿಲ್ಲದ ಆ ಗುಂಡಿಯನ್ನು ನನ್ನ ಕಡೆಗೆ ಹಿಡಿದು ಅತ್ತೆ ಇಳಿಸುತ್ತಿದ್ದರು. ನಾನೂ ದನಿ ಇಳಿಸಿದೆ. ಒಮ್ಮೆಗೇ ಅಲ್ಲ, ನಿಧಾನವಾಗಿ.