ಹಾರಾಟದ ತಾಸುಗಳು

ಸುಭದ್ರಮ್ಮ ಈಗ ಯಾಲಾಲ್ ಹತ್ತಿರ ಬೇರೆಯವರ ಕುರಿ ಕಾಯುತ್ತಾಳೆ. ಸ್ವಂತ ಹಿಂಡು ಮಾರಿ ಎರಡು ವರ್ಷವಾಯಿತು. ಮೊದಲು ಕುರಿ ಹೋದವು, ಆಮೇಲೆ ಹೊಲ ಹೋಯಿತು. ಎಲ್ಲವೂ ಮಗಳು ಲಾವಣ್ಯಳ ಪೈಲಟ್ ತರಬೇತಿಗೆ.

ಹೈದರಾಬಾದಿನಾಚೆಯ ಆ ವಿಮಾನ ತರಬೇತಿ ಶಾಲೆಯ ಮ್ಯಾನೇಜರ್ ಆನಂದಕುಮಾರ ಜಹೀರಾಬಾದಿನವನು. "ಕಾಕಾ, ನಾ ನಿಮ್ಮ ಕಡೀಯವನೇ. ಒಂದೂವರಿ ವರ್ಷದಾಗ ನಿಮ್ಮ ಹುಡುಗಿ ಪೈಲಟ್ ಆಗ್ತಾಳ," ಎಂದಿದ್ದ. ಅವನ ಬಾಯಲ್ಲಿ ತಮ್ಮ ಕಡೆಯ ಕನ್ನಡ ಕೇಳಿಯೇ ಅಪ್ಪ ಕಲ್ಯಾಣಪ್ಪ ನಂಬಿದ. ಫೀಸು ಪೂರ್ತಿ ಮೊದಲೇ ಕಟ್ಟಿದರು.

ಲೈಸೆನ್ಸಿಗೆ ಇನ್ನೂರು ತಾಸು ಹಾರಬೇಕು. ಎರಡು ವರ್ಷವಾಗುತ್ತ ಬಂದರೂ ಲಾವಣ್ಯ ಅದರ ಕಾಲು ಭಾಗವೂ ಹಾರಿರಲಿಲ್ಲ. ಇದ್ದ ಎರಡು ವಿಮಾನಗಳಲ್ಲಿ ಒಂದು ಇಂಜಿನ್ ಇಲ್ಲದೆ ಶೆಡ್ಡಿನಲ್ಲಿ ನಿಂತಿತ್ತು. ಇನ್ನೊಂದಕ್ಕೆ ಪಾಳಿ. ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಹುಡುಗರು ಬೆಳಗಿನಿಂದ ಬೆಂಚಿನ ಮೇಲೆ ಕೂತು, ಸಂಜೆ ಹಾಗೇ ಎದ್ದು ಹೋಗುತ್ತಿದ್ದರು. ಹಾಸ್ಟೆಲ್ ಬಾಡಿಗೆ ಮಾತ್ರ ನಿಲ್ಲಲಿಲ್ಲ.

ಒಂದು ದಿನ ಆನಂದಕುಮಾರ ಅವಳನ್ನು ಕರೆದ. "ಎಣ್ಣಿ ತುಟ್ಟಿ ಆಗ್ಯಾದ. ಮತ್ತ ರೊಕ್ಕ ಕಟ್ಟಬೇಕು."

"ಎಲ್ಲಿಂದ ತರ್ಲಿ ಸರ್? ಮನ್ಯಾಗ ಮಾರಾಕ ಏನೂ ಉಳದಿಲ್ಲ."

"ಹಂಗಾದ್ರ ಹೊಸಾ ಹುಡುಗ್ರನ್ನ ತಂದು ಸೇರ್ಸು. ನಿನ್ನ ತಾಸು ನಾ ಪೂರಾ ಮಾಡಿಸ್ತೀನಿ. ತಾಂಡೂರಿನ ತೊಗರಿ ವ್ಯಾಪಾರಿ ಮನ್ಮಥಪ್ಪ ನಾಳೆ ಮಗಳನ್ನ ಕರ್ಕೊಂಡು ಬರ್ತಾರ. ಶಾಲಿ ಛಲೋ ಅದ ಅಂತ ಹೇಳು, ಸಾಕು."

ಲಾವಣ್ಯ ಅವ್ವನಿಗೆ ಫೋನ್ ಮಾಡಿ ಹೇಳಿದಳು. ಸುಭದ್ರಮ್ಮ ಚದುರಿದ ಕುರಿಗಳನ್ನು ತಿರುಗಿಸಿ ಬಂದು ಮತ್ತೆ ಫೋನ್ ಕಿವಿಗಿಟ್ಟಳು.

"ಹೇಳಿಬಿಡವ್ವ. ನಿಮ್ಮಪ್ಪ ಹಾಸುಗಲ್ಲು ಪಾಲಿಶ್ ಮಾಡೋ ಧೂಳಿನಾಗ ಕೆಮ್ಮಾಕತ್ಯಾನ. ನಂಗೂ ಸಾಕಾಗ್ಯಾದ."

"ಅವ್ರಿಗೂ ಹಿಂಗೇ ಆಗ್ತದ, ಯವ್ವಾ."

"ಗೊತ್ತದ. ಗೊತ್ತಿದ್ದೇ ಹೇಳಾಕತ್ತೀನಿ."

ಮರುದಿನ ಮನ್ಮಥಪ್ಪ ಮಗಳು ಪ್ರೇಮಲಾಳೊಂದಿಗೆ ಬಂದರು. ಆನಂದಕುಮಾರ ಲಾವಣ್ಯಳನ್ನು ಮುಂದೆ ನಿಲ್ಲಿಸಿದ. "ಕುರಿ ಕಾಯೋರ ಹುಡುಗಿ ಇಕಿ. ಹೆಂಗ ಆಗ್ಯಾಳ ನೋಡ್ರಿ!"

"ಹೆಂಗದವ್ವ ಇಲ್ಲಿ?" ಎಂದರು ಮನ್ಮಥಪ್ಪ.

ಪ್ರೇಮಲಾ ಅವಳ ಹೆಗಲ ಮೇಲಿನ ಪಟ್ಟಿಯನ್ನೇ ಆಸೆಯಿಂದ ನೋಡುತ್ತಿದ್ದಳು. ಲಾವಣ್ಯಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಬ್ಬರನ್ನೂ ಶೆಡ್ಡಿಗೆ ಕರೆದೊಯ್ದಳು.

"ಇದ್ರಾಗ ಇಂಜಿನ್ ಇಲ್ರಿ, ಕಾಕಾ. ನಮ್ಮ ಕುರಿ, ನಮ್ಮ ಹೊಲ, ಎಲ್ಲಾ ಇಲ್ಲೇ ಹೋಗ್ಯಾವ. ರೊಕ್ಕ ಕಟ್ಟಬ್ಯಾಡ್ರಿ."

ಹಿಂದೆಯೇ ಓಡಿಬಂದ ಆನಂದಕುಮಾರನ ಮುಖ ಕೆಂಪಾಗಿತ್ತು. "ನಿನ್ನ ಹೆಸರು ಇವತ್ತೇ ತೆಗೀತೀನಿ. ಒಂದು ಪೈಸಾ ವಾಪಸ್ ಸಿಗಂಗಿಲ್ಲ!"

ಗದ್ದಲ ಕೇಳಿ ಬೆಂಚಿನ ಮೇಲಿದ್ದವರು ಬಂದಿದ್ದರು. ನಾರಾಯಣಖೇಡಿನ ಸಾಯಿಕುಮಾರ ಮುಂದೆ ಬಂದ. "ನಂದೂ ತೆಗೀರಿ." ಹಿಂದಿನಿಂದ ಇನ್ನೊಬ್ಬಳು, "ನಂದೂ" ಎಂದಳು.

ಮನ್ಮಥಪ್ಪ ಮಗಳ ಕೈ ಹಿಡಿದು ಹೊರನಡೆದರು.

ಸಂಜೆ ಲಾವಣ್ಯ ಮತ್ತೆ ಫೋನ್ ಮಾಡಿದಳು. "ಯವ್ವಾ, ನಾ ಖರೇನೇ ಹೇಳಿಬಿಟ್ಟೆ."

ಸುಭದ್ರಮ್ಮ ಬೈಯಲಿಲ್ಲ. ನಿಟ್ಟುಸಿರು ಬಿಟ್ಟಳು. "ಈಗ ಎಲ್ಲಿದ್ದಿ?"

"ಗೇಟಿನ ಮುಂದ. ಎಲ್ಲಾರೂ ಕುಂತೀವಿ. ರೊಕ್ಕ ವಾಪಸ್ ಕೊಡೋತನಕ ಏಳಂಗಿಲ್ಲ."

"ಉಂಡ್ರಿ?"

"ಇಲ್ಲ."

"ಮುಂಜಾನಿ ಬಸ್ಸಿಗೆ ಬರ್ತೀನಿ. ರೊಟ್ಟಿ ಎಷ್ಟು ಮಂದಿಗೆ ಕಟ್ಲಿ?"